ತಕ್ಕಡಿ ಇಲ್ಲದೆ ಅಕ್ಕಿ ಮೂಟೆ ತೂಗುವುದು: ಚಲಿಸುವ ವಸ್ತುವಿನ ದ್ರವ್ಯರಾಶಿ ಕಂಡುಹಿಡಿಯುವ ಬಗೆ

ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಹೋದ ರಜೆಯಲ್ಲಿ ಲೆಕ್ಕ ಮಾಡುತ್ತಾ ಕೂತಿದ್ದವಳು ಕೇಳಿದಳು, "ಚಿಕ್ಕಪ್ಪ, ಒಂದು ಗಾಡಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗ್ತಿದೆ. ಅದರ ದ್ರವ್ಯರಾಶಿ ಎಷ್ಟು?"

"ಮುಂದಕ್ಕೆ ಓದು" ಅಂದೆ.

"ಅಷ್ಟೇ ಇರೋದು."

ಹಾಳೆ ಇಸಿದುಕೊಂಡು ನೋಡಿದೆ. ನಿಜಕ್ಕೂ ಅಷ್ಟೇ ಇತ್ತು. ಬಲ ಎಷ್ಟು ಅಂತ ಹೇಳುವ ಸಾಲು ಜೆರಾಕ್ಸಿನಲ್ಲಿ ಮಸಿಯಾಗಿ ಹೋಗಿತ್ತು. ಆ ಸಾಲು ಇಲ್ಲದೆ ಈ ಲೆಕ್ಕಕ್ಕೆ ಉತ್ತರವೇ ಇಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸೈಕಲ್ಲೂ ಹೋಗಬಹುದು, ಮರಳು ಲಾರಿಯೂ ಹೋಗಬಹುದು. ದೂರದಲ್ಲಿ ನಿಂತು ಸುಮ್ನೆ ನೋಡುತ್ತಿದ್ದರೆ ಯಾವುದು ಎಷ್ಟು ಭಾರ ಅಂತ ತಿಳಿಯುವುದಿಲ್ಲ. ಅದನ್ನು ಕೆಣಕಬೇಕು. ತಳ್ಳಬೇಕು, ಎಳೆಯಬೇಕು, ಏನನ್ನಾದರೂ ತಂದು ಡಿಕ್ಕಿ ಹೊಡೆಸಬೇಕು. ಆಗ ಅದರ ವೇಗ ಎಷ್ಟು ಬದಲಾಯಿತು ಅಂತ ನೋಡಬೇಕು. ಕೆಣಕಿದರೆ ಮಾತ್ರ ದ್ರವ್ಯರಾಶಿ ಬಾಯಿ ಬಿಡುತ್ತದೆ.

ಕೆಳಗೆ ಹೇಳುವ ಎಲ್ಲ ವಿಧಾನಗಳೂ ಹೀಗೆ ಕೆಣಕುವ ಬೇರೆ ಬೇರೆ ದಾರಿಗಳೇ. ಮೊದಲನೆಯದನ್ನು ಮನೆಯಲ್ಲಿ ಮಾಡಿ ನೋಡಿದ್ದರಿಂದ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ದ್ರವ್ಯರಾಶಿ ಬೇರೆ, ತೂಕ ಬೇರೆ. ಅಂಗಡಿಯಲ್ಲಿ ಎರಡನ್ನೂ ಕೆಜಿ ಅಂತಲೇ ಹೇಳುತ್ತೇವೆ, ಅದರಿಂದ ಯಾರಿಗೂ ನಷ್ಟವಿಲ್ಲ. ಲೆಕ್ಕಕ್ಕೆ ಕೂತಾಗ ಮಾತ್ರ ಬೇರೆ ಮಾಡಿಕೊಳ್ಳಿ. ದ್ರವ್ಯರಾಶಿ ಅಂದರೆ ವಸ್ತುವಿನಲ್ಲಿರುವ ಸರಕು. ಅದಕ್ಕೆ ಕೆಜಿ. ಆ ಸರಕನ್ನು ಭೂಮಿ ಎಳೆಯುವ ಬಲವೇ ತೂಕ. ಅದಕ್ಕೆ ನ್ಯೂಟನ್. ಕೆಜಿಯನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಸಿಗುತ್ತದೆ.

ಪರೀಕ್ಷೆಗೆ ಬರುವ ಸೂತ್ರಗಳು ಮೂರು. ಬಲವನ್ನು ವೇಗೋತ್ಕರ್ಷದಿಂದ, ಅಂದರೆ ಸೆಕೆಂಡ್ ಸೆಕೆಂಡಿಗೂ ವೇಗ ಎಷ್ಟು ಬದಲಾಗುತ್ತದೋ ಅದರಿಂದ, ಭಾಗಿಸಿದರೆ ದ್ರವ್ಯರಾಶಿ. ಸಂವೇಗವನ್ನು (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವುದು) ವೇಗದಿಂದ ಭಾಗಿಸಿದರೂ ಅದೇ. ಚಲನಶಕ್ತಿಯ ಎರಡರಷ್ಟನ್ನು ವೇಗದ ವರ್ಗದಿಂದ ಭಾಗಿಸಿದರೂ ಅದೇ. 15 ನ್ಯೂಟನ್ ಬಲ ಬಿದ್ದು 0.5 ವೇಗೋತ್ಕರ್ಷ ಬಂದರೆ 30 ಕೆಜಿ. ಅದೇ ಗಾಡಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿದ್ದಾಗ ಅದರ ಸಂವೇಗ 120, ಚಲನಶಕ್ತಿ 240 ಜೂಲ್. ಭಾಗಿಸಿ ನೋಡಿ, ಎರಡರಲ್ಲೂ 30 ಬರುತ್ತದೆ. ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಇದ್ದರೆ ಮೊದಲು 3.6ರಿಂದ ಭಾಗಿಸಿಕೊಳ್ಳಿ. ಶಕ್ತಿಯ ಲೆಕ್ಕದಲ್ಲಿ ಇದನ್ನು ಮರೆತರೆ ಉತ್ತರ ಸುಮಾರು 13 ಪಟ್ಟು ತಪ್ಪುತ್ತದೆ.

ಪುಸ್ತಕದಲ್ಲಿ ಬಲ, ಸಂವೇಗ, ಶಕ್ತಿ ಎಲ್ಲವನ್ನೂ ಅವರೇ ಕೊಟ್ಟಿರುತ್ತಾರೆ. ಮನೆಯಲ್ಲಿ ಕೊಡುವವರು ಯಾರು? ಅಳೆಯಬೇಕು. ಕಷ್ಟ ಇರುವುದು ಅಲ್ಲೇ.

ಕೆಲವು ಚಲನೆಗಳನ್ನು ನಂಬಿ ಮೋಸ ಹೋಗಬೇಡಿ. ಮೇಲಿನಿಂದ ಬೀಳುವ ವಸ್ತು ದ್ರವ್ಯರಾಶಿ ಹೇಳುವುದಿಲ್ಲ. ತೆಂಗಿನಕಾಯಿಯೂ ಗೋಲಿಯೂ ಒಟ್ಟಿಗೇ ನೆಲ ಮುಟ್ಟುತ್ತವೆ. ಭಾರ ಎರಡು ಪಟ್ಟಾದರೆ ಎಳೆಯುವ ಬಲವೂ ಎರಡು ಪಟ್ಟು, ಹಾಗಾಗಿ ವ್ಯತ್ಯಾಸ ಮಾಯವಾಗುತ್ತದೆ. ಇಳಿಜಾರಿನಲ್ಲಿ ಜಾರುವುದಕ್ಕೂ ಉಯ್ಯಾಲೆ ಜೀಕುವುದಕ್ಕೂ ಇದೇ ಕಥೆ. ಭೂಮಿಯ ಎಳೆತ ಒಂದನ್ನೇ ನಂಬಿಕೊಂಡಿರುವ ಚಲನೆಯಿಂದ ಚಲಿಸುವ ವಸ್ತುವಿನ ದ್ರವ್ಯರಾಶಿ ಸಿಗುವುದಿಲ್ಲ.

ಜಗಲಿ ಮೇಲಿನ ಅಕ್ಕಿ ಮೂಟೆ

ಬೇಕಾದ ಸಾಮಾನು: ಗ್ಯಾಸ್ ಸಿಲಿಂಡರ್ ಇಡುವ ಗಾಲಿಗಳ ಟ್ರಾಲಿ, ಒಂದು ಅಕ್ಕಿ ಮೂಟೆ, ಎರಡು ಲೀಟರಿನ ಖಾಲಿ ಬಾಟಲಿ, ಹಿಗ್ಗದ ತೆಳು ಹಗ್ಗ, ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕುವ ಪುಟ್ಟ ರಾಟೆ, ಅಳತೆ ಟೇಪು, ಸ್ಲೋ ಮೋಷನ್ ಇರುವ ಮೊಬೈಲು. ಮತ್ತೆ ಮೂರು ಅಡಿ ಎತ್ತರದ ನುಣುಪು ಜಗಲಿ. ಫ್ಲಾಟಿನಲ್ಲಿ ಇರುವವರು ಊಟದ ಮೇಜಿನ ಮೇಲೆ ಆಟಿಕೆ ಕಾರಿನಲ್ಲಿ ಮಾಡಬಹುದು. ಅದಕ್ಕೆ ಬಾಟಲಿಯ ಬದಲು ನಾಲ್ಕೈದು ನಾಣ್ಯ ಸಾಕು.

ಮೂಟೆಯನ್ನು ಟ್ರಾಲಿ ಮೇಲೆ ಇಡಿ. ಟ್ರಾಲಿಗೆ ಹಗ್ಗ ಕಟ್ಟಿ, ಹಗ್ಗವನ್ನು ಜಗಲಿಯ ಅಂಚಿನ ರಾಟೆ ಮೇಲೆ ಹಾಯಿಸಿ, ಆಚೆ ತುದಿಗೆ ಬಾಟಲಿ ನೇತು ಹಾಕಿ. ಟ್ರಾಲಿಯಿಂದ ರಾಟೆವರೆಗಿನ ಹಗ್ಗ ನೆಲಕ್ಕೆ ಸಮವಾಗಿರಲಿ. ಅಂಚಿಗಿಂತ ಸ್ವಲ್ಪ ಹಿಂದೆ ಎರಡು ಇಟ್ಟಿಗೆ ಅಡ್ಡ ಇಡಲೇಬೇಕು, ಇಲ್ಲದಿದ್ದರೆ ಮೂಟೆ ಸಮೇತ ಟ್ರಾಲಿ ಅಂಗಳಕ್ಕೆ ಬರುತ್ತದೆ. ಹಗ್ಗ ಇಟ್ಟಿಗೆಗಳ ನಡುವೆ ಹೋಗಲಿ. ಬಾಟಲಿ ಬೀಳುವ ಜಾಗಕ್ಕೆ ಹಳೇ ಗೋಣಿಚೀಲ ಹಾಸಿ. ಮಕ್ಕಳು ಆ ಕಡೆ ನಿಲ್ಲಬಾರದು.

ಈಗ ಘರ್ಷಣೆ ಅಳೆಯಿರಿ. ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಬಾಟಲಿಗೆ ಸ್ವಲ್ಪ ನೀರು ಹಾಕಿ, ಟ್ರಾಲಿಯನ್ನು ಬೆರಳಿನಿಂದ ಮೆಲ್ಲಗೆ ನೂಕಿ. ನಿಂತುಬಿಟ್ಟರೆ ಇನ್ನೂ ಸ್ವಲ್ಪ ನೀರು. ವೇಗ ಏರುತ್ತಾ ಹೋದರೆ ನೀರು ಜಾಸ್ತಿಯಾಯಿತು ಅಂತ ಲೆಕ್ಕ, ಚೆಲ್ಲಿ. ಒಮ್ಮೆ ನೂಕಿದ ಮೇಲೆ ವೇಗ ಏರದೆ ಇಳಿಯದೆ ಒಂದೇ ಹದದಲ್ಲಿ ಹೋಗಬೇಕು. ಆ ಹಂತದಲ್ಲಿ ಬಾಟಲಿಯ ತೂಕ ಘರ್ಷಣೆಗೆ ಸರಿಸಮ. ನಮ್ಮ ಮನೆಯಲ್ಲಿ ಇದು ಬಾಟಲಿ ಸೇರಿ 600 ಗ್ರಾಂ ಬಂತು. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಗಿದ್ದು. ಶೀರ್ಷಿಕೆಗೆ ಇದು ವಿರುದ್ಧ ಅಂತ ಅಣ್ಣನ ಮಗಳು ಕೊಂಕು ತೆಗೆದಳು. ಮೂಟೆಯನ್ನಂತೂ ತೂಗಲಿಲ್ಲ, ಅಲ್ವಾ?

ಆಮೇಲೆ ಬಾಟಲಿ ತುಂಬಿಸಿ 2 ಕೆಜಿ ಮಾಡಿ. ಟ್ರಾಲಿ ಹಿಡಿದುಕೊಂಡು, ಅದರ ಮುಂಗಾಲಿ ಇರುವ ಜಾಗದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಅಲ್ಲಿಂದ ಸರಿಯಾಗಿ 50 ಸೆಂಟಿಮೀಟರ್ ಮುಂದೆ ಇನ್ನೊಂದು ಗೆರೆ. ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ, ರೆಕಾರ್ಡ್ ಒತ್ತಿ, ಟ್ರಾಲಿ ಬಿಡಿ. ನೂಕಬಾರದು, ಸುಮ್ನೆ ಕೈ ತೆಗೆಯಬೇಕು. ಐದು ಸಲ ಮಾಡಿ.

ನಮಗೆ ಸಿಕ್ಕ ಸಮಯ 1.47, 1.52, 1.49, 1.54, 1.48 ಸೆಕೆಂಡ್. ಸರಾಸರಿ 1.50.

ಇನ್ನು ಲೆಕ್ಕ. ನಿಂತಲ್ಲಿಂದ ಹೊರಟ ವಸ್ತುವಿಗೆ, ವೇಗೋತ್ಕರ್ಷ = 2 × ದೂರ ÷ ಸಮಯದ ವರ್ಗ.

2 × 0.50 ÷ (1.50 × 1.50) = 0.444

ಬಾಟಲಿಯ 2 ಕೆಜಿಯಲ್ಲಿ 0.6 ಕೆಜಿ ಘರ್ಷಣೆಗೇ ಹೋಯಿತು. ಎಳೆಯಲು ಉಳಿದದ್ದು 1.4 ಕೆಜಿಯ ತೂಕ.

1.4 × 9.8 = 13.72 ನ್ಯೂಟನ್

13.72 ÷ 0.444 = 30.9 ಕೆಜಿ

ಇದು ಮೂಟೆಯದ್ದಲ್ಲ, ಒಟ್ಟಿಗೆ ಚಲಿಸಿದ ಎಲ್ಲದರದ್ದು. ಬಾಟಲಿ ಎಳೆಯುವುದರ ಜೊತೆಗೆ ತಾನೂ ಓಡಿತು ತಾನೆ? ಅದರ 2 ಕೆಜಿ ಕಳೆಯಿರಿ. ನಮ್ಮ ಟ್ರಾಲಿ 2.8 ಕೆಜಿ, ಅದನ್ನೂ ಕಳೆಯಿರಿ. ಮೂಟೆಗೆ ಉಳಿದದ್ದು 26.1 ಕೆಜಿ.

ಚೀಲದ ಮೇಲೆ ಅಚ್ಚಾಗಿದ್ದದ್ದು 26 ಕೆಜಿ! 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತಲ್ಲ, ಆಮೇಲೆ ತೆರಿಗೆ ತಪ್ಪಿಸಲು ಬಂದ 26 ಕೆಜಿ ಮೂಟೆ ಅದು. ಅಣ್ಣನ ಮಗಳು ಚಪ್ಪಾಳೆ ತಟ್ಟಿದಳು. ನಾನೂ ಸ್ವಲ್ಪ ಬೀಗಿದೆ. ಮರುದಿನ ಅದೇ ಮೂಟೆ, ಅದೇ ಜಗಲಿ, ಉತ್ತರ 24.3 ಬಂತು.

ಎಲ್ಲಿ ತಪ್ಪುತ್ತದೆ

ಸಮಯದ್ದು ಮೊದಲ ತಂಟೆ. ಸೂತ್ರದಲ್ಲಿ ಸಮಯ ವರ್ಗವಾಗಿ ಬರುವುದರಿಂದ ಸಣ್ಣ ತಪ್ಪು ದೊಡ್ಡದಾಗಿ ಹೊರಬರುತ್ತದೆ. 1.5 ಸೆಕೆಂಡಿನ ಬದಲು 1.4 ಅಂತ ಓದಿದರೆ ಮೂಟೆ 22 ಕೆಜಿಗೆ ಇಳಿಯುತ್ತದೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಇಷ್ಟು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಅದಕ್ಕೇ ಮೊಬೈಲು. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಸ್ಲೋ ಮೋಷನ್ ಇದ್ದರೆ ಒಂದೂವರೆ ಸೆಕೆಂಡಿಗೆ 360 ಫ್ರೇಮ್. ಗಾಲಿ ಮೊದಲು ಅಲುಗಿದ ಫ್ರೇಮಿನಿಂದ ಗೆರೆ ಮುಟ್ಟಿದ ಫ್ರೇಮಿನವರೆಗೆ ಎಣಿಸಿ, 240ರಿಂದ ಭಾಗಿಸಿ.

ಘರ್ಷಣೆಯದ್ದು ಇನ್ನೂ ದೊಡ್ಡ ತಂಟೆ. ಅದನ್ನು ಕಳೆಯದೆ ಬಾಟಲಿಯ ಇಡೀ 19.6 ನ್ಯೂಟನ್ ಹಿಡಿದು ಲೆಕ್ಕ ಮಾಡಿದರೆ ನಮ್ಮ ಮೂಟೆ 39 ಕೆಜಿ ಆಗುತ್ತದೆ. ಕಳೆದರೂ ಕಳೆಯುವ ಅಂಕಿ ಸರಿ ಇರಬೇಕು. 600 ಗ್ರಾಂ ಬದಲು 650 ಅಂತ ಹಿಡಿದು ನೋಡಿ. 1.35 × 9.8 = 13.23. ಅದನ್ನು 0.444ರಿಂದ ಭಾಗಿಸಿದರೆ 29.8. ಬಾಟಲಿ, ಟ್ರಾಲಿ ಕಳೆದರೆ 25.0. ಅರ್ಧ ಲೋಟವೂ ಇಲ್ಲದ ನೀರಿಗೆ ನಮ್ಮ ಮೂಟೆ ಜಿಎಸ್‌ಟಿ ಒಳಕ್ಕೆ ಬಂದುಬಿಟ್ಟಿತು! ಗಾಲಿಗೆ ಕೂದಲು ಸುತ್ತಿಕೊಂಡಿದ್ದರೂ ಸಾಕು, ಒಂದು ದಿನ ಬಂದ ಉತ್ತರ ಮರುದಿನ ಬರುವುದಿಲ್ಲ. ನಮ್ಮದೂ ಹಾಗೇ ಆಗಿತ್ತು. 24.3 ಬಂದ ದಿನ ಹಿಂದಿನ ದಿನದ 600 ಗ್ರಾಮನ್ನೇ ಇಟ್ಟುಕೊಂಡು ಸೋಮಾರಿತನ ಮಾಡಿದ್ದೆ.

ಘರ್ಷಣೆ ಅಳೆಯುವ ಗೋಜೇ ಬೇಡ ಅನ್ನುವವರಿಗೆ ಒಂದು ಉಪಾಯ ಇದೆ. ಒಮ್ಮೆ 2 ಕೆಜಿ, ಇನ್ನೊಮ್ಮೆ 3 ಕೆಜಿ ನೇತುಹಾಕಿ ಎರಡು ವೇಗೋತ್ಕರ್ಷ ಅಳೆಯಿರಿ. ಘರ್ಷಣೆ ಎರಡರಲ್ಲೂ ಒಂದೇ. ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದರೆ ಅದು ಬಿದ್ದುಹೋಗುತ್ತದೆ. 2 ಕೆಜಿಗೆ ಬಂದದ್ದು ಮೊದಲನೆಯದು, 3 ಕೆಜಿಗೆ ಬಂದದ್ದು ಎರಡನೆಯದು ಅಂತಿಟ್ಟುಕೊಳ್ಳಿ. 9.8ಕ್ಕೆ ಮೊದಲನೆಯದರ ಎರಡರಷ್ಟು ಕೂಡಿಸಿ, ಎರಡನೆಯದರ ಮೂರರಷ್ಟು ಕಳೆದು, ಬಂದದ್ದನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ಮೂಟೆ ಮತ್ತು ಟ್ರಾಲಿ ಸೇರಿದ ದ್ರವ್ಯರಾಶಿ ಸಿಗುತ್ತದೆ. 0.446 ಮತ್ತು 0.740 ಹಾಕಿ ನೋಡಿ, 29ರ ಹತ್ತಿರ ಬರುತ್ತದೆ.

ಕ್ಯಾರಂ ಬೋರ್ಡ್

ಇದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಇಲ್ಲಿ ಬಲ ಅಳೆಯಬೇಕಾಗಿಯೇ ಇಲ್ಲ. ಗೊತ್ತಿರುವ ದ್ರವ್ಯರಾಶಿಯಿಂದ ಗೊತ್ತಿಲ್ಲದ್ದಕ್ಕೆ ಡಿಕ್ಕಿ ಹೊಡೆಸುವುದು, ಅಷ್ಟೇ. ಡಿಕ್ಕಿಯಲ್ಲಿ ಸ್ಟ್ರೈಕರ್ ಕಳೆದುಕೊಂಡ ಸಂವೇಗವೇ ಪಾನಿಗೆ ಸಿಕ್ಕ ಸಂವೇಗ.

ಬೋರ್ಡಿಗೆ ಬೋರಿಕ್ ಪೌಡರ್ ಧಾರಾಳವಾಗಿ ಹಾಕಿ. ಮಧ್ಯದಲ್ಲಿ ಒಂದೇ ಒಂದು ಪಾನು ಇಡಿ. ಮೊಬೈಲನ್ನು ಬೋರ್ಡಿನ ನೆತ್ತಿಗೆ ಸರಿಯಾಗಿ ಮೇಲಿನಿಂದ ಹಿಡಿಯಬೇಕು. ಓರೆಯಾದರೆ ಹತ್ತಿರದ್ದು ಉದ್ದ, ದೂರದ್ದು ಗಿಡ್ಡ ಕಾಣುತ್ತದೆ. ಸ್ಟ್ರೈಕರನ್ನು ಪಾನಿನ ನಟ್ಟನಡುವಿಗೆ ಹೊಡೆಯಿರಿ. ಎರಡೂ ಒಂದೇ ಗೆರೆಯಲ್ಲಿ ಮುಂದಕ್ಕೆ ಹೋಗಬೇಕು. ಕಟ್ ಆಗಿ ಪಾನು ಪಕ್ಕಕ್ಕೆ ಹೋದರೆ ಆ ವಿಡಿಯೋ ಅಳಿಸಿ ಮತ್ತೆ ಹೊಡೆಯಿರಿ. ನನಗೆ ಹನ್ನೊಂದು ಸಲ ಬೇಕಾಯಿತು. ಅಣ್ಣನ ಮಗಳು ಮೂರನೇ ಸಲಕ್ಕೇ ಹೊಡೆದಳು.

ಈಗ ವಿಡಿಯೋವನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿ. ಡಿಕ್ಕಿಗೆ ಮುಂಚಿನ 10 ಫ್ರೇಮುಗಳಲ್ಲಿ ಸ್ಟ್ರೈಕರ್ ಎಷ್ಟು ದೂರ ಹೋಯಿತು? ಡಿಕ್ಕಿಯ ನಂತರದ 10 ಫ್ರೇಮುಗಳಲ್ಲಿ ಸ್ಟ್ರೈಕರ್ ಎಷ್ಟು, ಪಾನು ಎಷ್ಟು? ನಮ್ಮದರಲ್ಲಿ ಮುಂಚೆ ಸ್ಟ್ರೈಕರ್ 5.0, ಆಮೇಲೆ ಸ್ಟ್ರೈಕರ್ 2.6, ಪಾನು 6.9 ಸೆಂಟಿಮೀಟರ್. ಸ್ಟ್ರೈಕರ್ 15 ಗ್ರಾಂ. ಪಂದ್ಯದ ನಿಯಮದಲ್ಲಿ ಅದಕ್ಕಿಂತ ಭಾರ ಇರುವಂತಿಲ್ಲ.

15 × (5.0 − 2.6) ÷ 6.9 = 5.2 ಗ್ರಾಂ

ಪಂದ್ಯದ ಪಾನು 5ರಿಂದ 5.5 ಗ್ರಾಂ ಇರಬೇಕು ಅನ್ನುವುದು ನಿಯಮ. ಉತ್ತರ ಅದರೊಳಗೇ ಇದೆ. ಸಮಯವನ್ನು ಸೆಕೆಂಡಿಗೆ ತಿರುಗಿಸಲೇ ಇಲ್ಲ ನೋಡಿ. ಭಾಗಾಕಾರದಲ್ಲಿ ಮೇಲೂ ಕೆಳಗೂ ಅದೇ 10 ಫ್ರೇಮ್ ಇರುವುದರಿಂದ ಹೊಡೆದುಹೋಗುತ್ತದೆ. ನಿಜವಾದ ಸೆಂಟಿಮೀಟರೂ ಬೇಡ. ಮೊಬೈಲಿನ ಪರದೆ ಮೇಲೆಯೇ ಸ್ಕೇಲ್ ಇಟ್ಟು ಅಳೆದರೂ ಇದೇ ಉತ್ತರ.

ಸ್ಪ್ರಿಂಗ್ ಜೋಲಿ

ಕೂಸು ಮಲಗಿಸುವ ಬಟ್ಟೆಯ ಜೋಲಿಗೆ ಮೇಲೆ ಸ್ಪ್ರಿಂಗ್ ಹಾಕುತ್ತಾರಲ್ಲ, ಅದೂ ಒಂದು ತಕ್ಕಡಿಯೇ. ಕೂಸು ನಿದ್ದೆಯಲ್ಲಿ ಮೇಲೆ ಕೆಳಗೆ ಕುಣಿಯುವಾಗಲೇ ಅದರ ದ್ರವ್ಯರಾಶಿ ತಿಳಿಯಬಹುದು. ಹಾಗಂತ ಹೇಳಿದ್ದಕ್ಕೆ ನಮ್ಮಜ್ಜಿ, "ಕೂಸಿನ ತೂಕ ಗೀಕ ನೋಡ್ಬೇಡ, ದೃಷ್ಟಿಯಾಗತ್ತೆ" ಅಂತ ಬೈದರು. ದ್ರವ್ಯರಾಶಿ ಬೇರೆ, ತೂಕ ಬೇರೆ ಅನ್ನುವ ವಾದ ಅವರ ಹತ್ತಿರ ನಡೆಯಲಿಲ್ಲ.

ಮೊದಲು ಗೊತ್ತಿರುವುದನ್ನು ಹಾಕಿ ನೋಡಬೇಕು. ಜೋಲಿಯ ಬಟ್ಟೆ, ಕೋಲು, ಕೊಕ್ಕೆ ಸೇರಿ 1 ಕೆಜಿ ಅಂತಿಟ್ಟುಕೊಳ್ಳಿ. ಅದರಲ್ಲಿ 5 ಕೆಜಿ ರಾಗಿ ಹಿಟ್ಟಿನ ಚೀಲ ಇಟ್ಟು, ಮೆಲ್ಲಗೆ ಕೆಳಕ್ಕೆ ಎಳೆದು ಬಿಡಿ. ಹತ್ತು ಕುಣಿತಕ್ಕೆ ಎಷ್ಟು ಸೆಕೆಂಡ್? 7.8 ಅನ್ನೋಣ. ಆಮೇಲೆ ಚೀಲ ತೆಗೆದು ಕೂಸನ್ನು ಮಲಗಿಸಿ. ಯಾವಾಗಿನಂತೆ ಮೆಲ್ಲಗೆ ಆಡಿಸಿದರೆ ಸಾಕು, ಜಾಸ್ತಿ ಎಳೆಯಬೇಡಿ. ಈಗ ಹತ್ತು ಕುಣಿತಕ್ಕೆ 8.7 ಸೆಕೆಂಡ್ ಬಂತು ಅಂದರೆ:

6 × (8.7 ÷ 7.8) × (8.7 ÷ 7.8) = 7.5 ಕೆಜಿ

ಜೋಲಿಯ 1 ಕೆಜಿ ಕಳೆದರೆ ಕೂಸು ಆರೂವರೆ ಕೆಜಿ. ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವುದನ್ನು ತಿಳಿಯುವ ಅಗತ್ಯವೇ ಬೀಳಲಿಲ್ಲ. ಅದನ್ನು ಹಿಟ್ಟಿನ ಚೀಲವೇ ಹೇಳಿಯಾಯಿತು. ಆದರೆ ಎಣಿಸಬೇಕಾದ್ದು ಮೇಲೆ ಕೆಳಗಿನ ಕುಣಿತ. ಪಕ್ಕಕ್ಕೆ ತೂಗಿದ್ದನ್ನು ಎಣಿಸಿದರೆ ಅದು ಉಯ್ಯಾಲೆಯಾಯಿತು. ಉಯ್ಯಾಲೆ ದ್ರವ್ಯರಾಶಿ ಹೇಳುವುದಿಲ್ಲ ಅಂತ ಆಗಲೇ ನೋಡಿದೆವು.

1973ರಲ್ಲಿ ಹಾರಿದ ಅಮೆರಿಕದ ಸ್ಕೈಲ್ಯಾಬ್‌ನಲ್ಲಿ ಗಗನಯಾತ್ರಿಗಳು ತಮ್ಮನ್ನು ತೂಗಿಕೊಂಡದ್ದು ಹೀಗೆಯೇ. ಅಲ್ಲಿ ತಕ್ಕಡಿ ಮೇಲೆ ನಿಂತರೆ ಸೊನ್ನೆ. ಹಾಗಾಗಿ ಸ್ಪ್ರಿಂಗ್ ಹಾಕಿದ ಕುರ್ಚಿಯಲ್ಲಿ ಕಟ್ಟಿಕೊಂಡು ಕೂತು ಅಲುಗಾಡುತ್ತಿದ್ದರು. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಯಂತ್ರ ಇದೆ. ಅದು ಯಾತ್ರಿಯನ್ನು ಗೊತ್ತಿರುವ ಬಲದಿಂದ ಎಳೆದು ವೇಗೋತ್ಕರ್ಷ ಅಳೆಯುತ್ತದೆ. ನಮ್ಮ ಜಗಲಿ ಪ್ರಯೋಗವೇ, ಅಕ್ಕಿ ಮೂಟೆ ಬದಲು ಮನುಷ್ಯ.

ಚಂದ್ರನನ್ನು ತೂಗಬೇಕಾದರೆ

ಚಂದ್ರನನ್ನು ತಳ್ಳಲು ಆಗುವುದಿಲ್ಲ. ಆದರೆ ಅದೇ ಇನ್ನೊಂದನ್ನು ಕೆಣಕುತ್ತಿದೆ, ಅದನ್ನು ನೋಡಿದರೆ ಸಾಕು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟದಿಂದ ಹೊರಟ ಚಂದ್ರಯಾನ-1, ನವೆಂಬರಿನಲ್ಲಿ ಚಂದ್ರನ ನೆಲದಿಂದ 100 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿತು. ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿರುವ ದೊಡ್ಡ ಆಂಟೆನಾ ಅದರ ಮಾತು ಕೇಳುತ್ತಿತ್ತು. ಆ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 118 ನಿಮಿಷ, ಅಂದರೆ 7080 ಸೆಕೆಂಡ್.

ಚಂದ್ರನ ತ್ರಿಜ್ಯ 1737 ಕಿಲೋಮೀಟರ್. 100 ಸೇರಿಸಿದರೆ 1837. ಅದನ್ನು ಮೀಟರಿಗೆ ತಿರುಗಿಸಿ ಘನ ಮಾಡಿ. ಪೈನ ವರ್ಗದ ನಾಲ್ಕರಷ್ಟರಿಂದ, ಅಂದರೆ 39.48ರಿಂದ ಗುಣಿಸಿ. ಬಂದದ್ದನ್ನು ಸಮಯದ ವರ್ಗದಿಂದಲೂ ಗುರುತ್ವ ಸ್ಥಿರಾಂಕ 6.674 × 10⁻¹¹ರಿಂದಲೂ ಭಾಗಿಸಿ. 7.3 × 10²² ಕೆಜಿ ಬರುತ್ತದೆ. ಪುಸ್ತಕದಲ್ಲಿ ಇರುವುದು 7.35 × 10²². ಒಂದು ಗಡಿಯಾರ, ಒಂದು ಎತ್ತರ, ಇಷ್ಟರಲ್ಲೇ ಚಂದ್ರ ತೂಗಿ ಆಯಿತು.

ಇಲ್ಲಿ ಸಿಕ್ಕಿದ್ದು ಸುತ್ತುವ ನೌಕೆಯ ದ್ರವ್ಯರಾಶಿಯಲ್ಲ, ಅದು ಯಾವುದನ್ನು ಸುತ್ತುತ್ತಿದೆಯೋ ಅದರದ್ದು. ನೌಕೆಯ ಜಾಗದಲ್ಲಿ ಆನೆ ಇದ್ದರೂ 118 ನಿಮಿಷವೇ.

"ಹಾಗಾದ್ರೆ ನೌಕೆ ಎಷ್ಟು ಭಾರ ಅಂತ ಹೇಗೆ ತಿಳಿಯೋದು?" ಅಂತ ಅಣ್ಣನ ಮಗಳು ಕೇಳಿದಳು. ಹೊರಟಾಗ ಅದು 1380 ಕೆಜಿ ಇತ್ತು, ಇಂಧನ ಉರಿದಂತೆಲ್ಲ ಕಮ್ಮಿಯಾಗುತ್ತಾ ಹೋಯಿತು. ತಿಳಿಯಬೇಕಾದರೆ ಅದನ್ನೂ ಕೆಣಕಬೇಕು. ಅದರಲ್ಲಿ 440 ನ್ಯೂಟನ್ ಬಲದ ಎಂಜಿನ್ ಇತ್ತು. ಎಂಜಿನ್ ಉರಿದಾಗ ನೌಕೆಯ ರೇಡಿಯೋ ಅಲೆಯ ಆವರ್ತನ ಸ್ವಲ್ಪ ಬದಲಾಗುತ್ತದೆ. ಅದರಿಂದ ವೇಗ ಎಷ್ಟು ಬದಲಾಯಿತು ಅಂತ ನೆಲದಲ್ಲೇ ಕೂತು ತಿಳಿಯಬಹುದು. ಎಂಜಿನ್ನಿನಿಂದ ವೇಗ ಸೆಕೆಂಡ್ ಸೆಕೆಂಡಿಗೂ 0.4 ಮೀಟರಿನಷ್ಟು ಬದಲಾಗುತ್ತಿದೆ ಅಂದುಕೊಳ್ಳಿ. 440 ÷ 0.4 = 1100 ಕೆಜಿ. ಬಾಟಲಿಯ ಕೆಲಸವನ್ನು ಎಂಜಿನ್ ಮಾಡುತ್ತದೆ, ಜೊತೆಗೆ ಘರ್ಷಣೆ ಕಳೆಯುವ ಗೋಳೂ ಅಲ್ಲಿಲ್ಲ.